ಪೀಣ್ಯದ ಸ್ಕ್ರೀನನ್ನು ರಾಜಾಜಿನಗರದಲ್ಲೇ ಕೂತು ನೋಡಬಹುದಾ?

ಪ್ರಶ್ನೆ: ರಾಜಾಜಿನಗರದ ಆಡಿಟರ್ ಆಫೀಸೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ವಿಂಡೋಸ್ ಸರ್ವರ್ 2019ರಲ್ಲಿ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಇದೆ. ಹನ್ನೆರಡು ಜನ ತಮ್ಮ ಕಂಪ್ಯೂಟರ್‌ನಿಂದಲೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದರೊಳಗೆ ಬರುತ್ತಾರೆ, ಅದರಲ್ಲಿ ಮೂವರು ಪೀಣ್ಯ ಬ್ರಾಂಚ್‌ನವರು. ‘ಸರ್, ಏನೋ ಎರರ್ ಬರ್ತಿದೆ’ ಅಂದಾಗಲೆಲ್ಲ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಒದ್ದಾಡಿಕೊಂಡು ಹೋಗಬೇಕು. ಇಲ್ಲಿಂದಲೇ ನೋಡಬಹುದಾ? ಅವರಿಗೆ ಗೊತ್ತಾಗದ ಹಾಗೆ ನೋಡೋಕಾಗುತ್ತಾ ಅಂತ ನಮ್ಮ ಸಾಹೇಬರೂ ಕೇಳುತ್ತಿದ್ದಾರೆ.

ಉತ್ತರ: ನೋಡಬಹುದು. ಬೇರೆ ಸಾಫ್ಟ್‌ವೇರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಅವರ ಟ್ಯಾಲಿ ಓಡುತ್ತಿರುವುದು ನಿಮ್ಮ ಸರ್ವರ್‌ನಲ್ಲೇ ಅಲ್ವಾ? ಹಾಗೆ ಒಬ್ಬೊಬ್ಬರು ಲಾಗಿನ್ ಆಗಿ ತೆರೆದುಕೊಂಡ ಪರದೆಗೆ ಸೆಷನ್ ಅಂತ ಹೆಸರು, ಅದರೊಳಗೆ ಇಣುಕುವುದಕ್ಕೆ ಶಾಡೋ ಅನ್ನುತ್ತಾರೆ. ಮೈಕ್ರೋಸಾಫ್ಟ್ ಇದನ್ನು ಸರ್ವರ್ 2012ರಲ್ಲಿ ಕಿತ್ತುಹಾಕಿ, 2012 ಆರ್2ನಲ್ಲಿ ವಾಪಸ್ ತಂದಿತು.

ಸರ್ವರ್‌ಗೆ ಅಡ್ಮಿನ್ ಆಗಿ ಲಾಗಿನ್ ಆಗಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಕ್ವೆರಿ ಯೂಸರ್’ ಹೊಡೆಯಿರಿ. (ಇಂಗ್ಲಿಷ್ ಅಕ್ಷರದಲ್ಲೇ, ಬಿಡಿ.) ಪ್ರತಿ ಹೆಸರಿಗೂ ಒಂದು ಐಡಿ ಬರುತ್ತದೆ. 7 ಅಂತಿಟ್ಟುಕೊಳ್ಳಿ. ಆಮೇಲೆ ‘ಎಂಎಸ್‌ಟಿಎಸ್‌ಸಿ /ಶಾಡೋ:7’. ಬರೀ ನೋಡಲು ಇಷ್ಟು ಸಾಕು. ಮೌಸೂ ನಿಮ್ಮ ಕೈಗೆ ಬೇಕಾದರೆ ಕೊನೆಗೆ ‘/ಕಂಟ್ರೋಲ್’ ಸೇರಿಸಿ. ಆ ಕಡೆ ಒಪ್ಪಿಗೆ ಕೇಳುತ್ತದೆ, ಯೆಸ್ ಒತ್ತಲು ಹೇಳಿ. ಅವರು ರಿಮೋಟ್ ವಿಂಡೋ ಮಿನಿಮೈಸ್ ಮಾಡಿಬಿಟ್ಟರೆ ನಿಮಗೆ ಬರೀ ಎರಡು ಗೆರೆ ಕಾಣುತ್ತದೆ. ಗಾಬರಿಯಾಗಬೇಡಿ, ವಿಂಡೋ ತೆಗೆಯಿರಿ ಅನ್ನಿ.

ಇನ್ನು ಸಾಹೇಬರ ಪ್ರಶ್ನೆ. ಗ್ರೂಪ್ ಪಾಲಿಸಿ (ವಿಂಡೋಸ್‌ನಲ್ಲಿ ಅಡ್ಮಿನ್ ಇಡುವ ನಿಯಮಗಳು) ಬದಲಿಸಿ, ಆ ಕಮಾಂಡ್‌ಗೆ ‘/ಕಂಟ್ರೋಲ್’ ಥರದ್ದೇ ಇನ್ನೊಂದು ಸ್ವಿಚ್ ಸೇರಿಸಿದರೆ ಒಪ್ಪಿಗೆ ಕೇಳದೆಯೂ ನೋಡಬಹುದು. ಆದರೆ ಮಾಡಬೇಡಿ. ನಾನು ಹಿಂದೆ ಒಂದು ಕಡೆ ಹಾಗೇ ಇಟ್ಟಿದ್ದೆ. ಪ್ರಿಂಟರ್ ಏನಾಯ್ತು ನೋಡೋಣ ಅಂತ ಇಣುಕಿದರೆ, ಅಕೌಂಟ್ಸ್‌ನ ಮೇಡಂ ಮೇಲ್ ತೆರೆದು ಕೂತಿದ್ದರು. ಸಾಲದ ಕಂತು ಬೌನ್ಸ್ ಆದ ಮೇಲ್. ಮಾರನೇ ದಿನ ಕಾಫಿ ಹೊತ್ತಿಗೆ ಅವರ ಮುಖ ನೋಡಲು ನನಗೇ ಆಗಲಿಲ್ಲ.

ಸಾಹೇಬರು ಜಾಸ್ತಿ ಒತ್ತಾಯ ಮಾಡಿದರೆ ಇದನ್ನು ಹೇಳಿ: ಕಂಟ್ರೋಲ್ ತಗೊಂಡು ನೀವು ಮಾಡಿದ ಎಂಟ್ರಿ ಟ್ಯಾಲಿಯಲ್ಲಿ ಅವರ ಹೆಸರಿಗೇ ಬೀಳುತ್ತದೆ. ನಾಳೆ ಒಂದು ವೋಚರ್ ತಪ್ಪಾದರೆ ‘ನಾನಲ್ಲ, ಅಡ್ಮಿನ್ ಒಳಗೆ ಬಂದಿದ್ದರು’ ಅಂತ ಅವರು ಅಂದರೆ ನಿಮ್ಮಲ್ಲಿ ಉತ್ತರ ಇರಲ್ಲ.

ಹಾಂ, ಕೆಲಸ ಮುಗಿದ ಮೇಲೆ ಶಾಡೋ ವಿಂಡೋ ಮುಚ್ಚಿ, ಅವರ ಟ್ಯಾಲಿಯನ್ನಲ್ಲ. ಆ ತಪ್ಪನ್ನೂ ನಾನು ಮಾಡಿದ್ದೇನೆ.