ಒಂದೇ ಟ್ರಂಕ್ ಲೈನಿನಲ್ಲಿ 30 ಕರೆಗಳು ಬೆರೆಯದೆ ಸಾಗುವುದು ಹೇಗೆ?

ಕಲಬುರಗಿ ಮತ್ತು ಬೀದರ್ ಟೆಲಿಫೋನ್ ಎಕ್ಸ್‌ಚೇಂಜ್‌ಗಳ ನಡುವೆ ಇ1 ಎಂಬ ಬಗೆಯ ಒಂದು ಡಿಜಿಟಲ್ ಟ್ರಂಕ್ ಲೈನ್ ಇದೆಯೆನ್ನಿ. ಅದರಲ್ಲಿ 30 ಕರೆಗಳು ಬೆರೆಯುವುದಿಲ್ಲ, ಏಕೆಂದರೆ ಅವು ಒಂದೇ ಕ್ಷಣದಲ್ಲಿ ಸಾಗದೆ ಸರದಿಯ ಮೇಲೆ ಸಾಗುತ್ತವೆ. ಪ್ರತಿ ಕರೆಗೆ ಗೊತ್ತುಮಾಡಿದ ಆ ಪುಟ್ಟ ಸರದಿಯೇ ಟೈಮ್‌ಸ್ಲಾಟ್.

ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ (0 ಅಥವಾ 1 ಎಂಬ ಅಂಕಿಗಳಲ್ಲಿ) ಬರೆಯುವುದರಿಂದ, ಒಂದು ಕರೆಗೆ 125 ಮೈಕ್ರೊಸೆಕೆಂಡಿಗೊಮ್ಮೆ (ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ) 8 ಬಿಟ್ ಕಳಿಸಿದರೆ ಸಾಕು. ಲೈನ್ ಸೆಕೆಂಡಿಗೆ 20,48,000 ಬಿಟ್ ಒಯ್ಯುವ ಕಾರಣ ಆ ಕೆಲಸ 4 ಮೈಕ್ರೊಸೆಕೆಂಡಿನೊಳಗೇ ಮುಗಿದು, ಉಳಿದ ಬಿಡುವು ಇತರರಿಗೆ ದೊರೆಯುತ್ತದೆ. ಹೀಗೆ 125 ಮೈಕ್ರೊಸೆಕೆಂಡಿನ ಒಂದು ಸುತ್ತಿಗೆ 32 ಸ್ಲಾಟ್‌ಗಳು: ಸೊನ್ನೆಯದು ಸುತ್ತಿನ ಆರಂಭವನ್ನು ಗುರುತಿಸಲು, 16ನೆಯದು ಸಾಮಾನ್ಯವಾಗಿ ಕರೆ ಶುರುವಾಗುವ, ಮುಗಿಯುವಂಥ ಸಂಕೇತಗಳಿಗೆ. ಬಿಟ್‌ಗಳ ಮೇಲೆ ವಿಳಾಸವಿರುವುದಿಲ್ಲ. ಸುತ್ತಿನಲ್ಲಿ ಅವು ಬಂದ ಸ್ಥಾನವೇ ವಿಳಾಸ. ದುಂದೆನಿಸಬಹುದು, ಆದರೆ ನೀವು ಮಾತು ನಿಲ್ಲಿಸಿ ಸುಮ್ಮನಿದ್ದರೂ ನಿಮ್ಮ ಸ್ಲಾಟ್ ಬೇರೆಯವರಿಗೆ ಸಿಗುವುದಿಲ್ಲ.