‘ಸ್ಕೋರಿಂಗ್ ಕಾಂಬಿನೇಷನ್’ ಯಾವುದು ಎಂದು ಕೇಳಬೇಡಿ

ಪ್ರಶ್ನೆ: ಪಿಯುಸಿಯಲ್ಲಿ ಪಿಸಿಎಂಬಿ ಓದಿ ಈಗ ಬಿ.ಎಸ್ಸಿ.ಗೆ ಸೇರಿದ್ದೇನೆ. ನಮ್ಮ ಕಾಲೇಜಿನಲ್ಲಿ ಪಿಸಿಎಂ (ಭೌತಶಾಸ್ತ್ರ–ರಸಾಯನಶಾಸ್ತ್ರ–ಗಣಿತ) ಇದೆ, ಗಣಿತ–ಸಂಖ್ಯಾಶಾಸ್ತ್ರ–ಕಂಪ್ಯೂಟರ್ ವಿಜ್ಞಾನವೂ ಇದೆ. ಗಣಿತವೆಂದರೆ ನನಗೆ ಪ್ರಾಣ. ಪಿಸಿಎಂ ಓದಿ ಬಿ.ಇಡಿ. ಮಾಡು ಎಂದು ಅಪ್ಪ ಹೇಳುತ್ತಾರೆ. ಇನ್ನೊಂದು ಸ್ಕೋರಿಂಗ್ ಎಂದು ಗೆಳತಿಯರು ಹೇಳುತ್ತಾರೆ. ಕಾಂಬಿನೇಷನ್ ಬದಲಿಸಲು ಎರಡು ವಾರ ಉಳಿದಿದೆ. ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತೇನೆ. ಏನು ಮಾಡಲಿ?
— ವಿದ್ಯಾರ್ಥಿನಿ, ತಿಪಟೂರು

ಉತ್ತರ: ಎರಡು ವಾರ ಸಾಕು, ಗಾಬರಿ ಬೇಡ. ಮೊದಲು ಒಂದು ಸಮಾಧಾನದ ಮಾತು: ನಿಮಗೆ ಪ್ರಾಣವಾದ ಗಣಿತ ಎರಡು ಕಾಂಬಿನೇಷನ್‌ಗಳಲ್ಲೂ ಇದೆ. ಎಂ.ಎಸ್ಸಿ. ಗಣಿತದ ದಾರಿ ಎಲ್ಲಿಯೂ ಮುಚ್ಚುವುದಿಲ್ಲ. ತೀರ್ಮಾನವಾಗಬೇಕಾದದ್ದು ಅದರ ಜೊತೆಗೆ ಬರುವ ಎರಡು ವಿಷಯಗಳು ಮಾತ್ರ.

ನಾನು ಮೂವತ್ತು ವರ್ಷಕ್ಕೂ ಮೇಲೆ ಪದವಿ ತರಗತಿಗೆ ಗಣಿತ ಕಲಿಸಿದವಳು. ಅಂತಿಮ ವರ್ಷದ ಹುಡುಗನೊಬ್ಬ ಮಾರ್ಚ್ ತಿಂಗಳಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವನ ಕೈಯಲ್ಲಿ ಎಂ.ಎಸ್ಸಿ. ಸಂಖ್ಯಾಶಾಸ್ತ್ರದ ಪ್ರವೇಶ ಪ್ರಕಟಣೆ ಇತ್ತು. ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿರಬೇಕು ಎಂಬ ಸಾಲನ್ನು ಅವನು ಅಂದೇ ಮೊದಲು ಓದಿದ್ದ. ಅಂಕಗಳಿಗೆ ಕೊರತೆಯಿರಲಿಲ್ಲ. ಮೊದಲ ವರ್ಷದಲ್ಲಿ ಗೆಳೆಯರು ತೆಗೆದುಕೊಂಡದ್ದನ್ನೇ ತಾನೂ ತೆಗೆದುಕೊಂಡಿದ್ದ, ಅಷ್ಟೇ. ಆ ದಿನದಿಂದ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಕೊನೆಯಿಂದ ಹಿಂದಕ್ಕೆ ಯೋಜನೆ ಹಾಕಿ ಎಂದು ಹೇಳುತ್ತಲೇ ಬಂದೆ.

ನೀವೂ ಹಾಗೆಯೇ ಮಾಡಿ. ಮೂರು ವರ್ಷದ ನಂತರ ಹೋಗಬೇಕೆನಿಸುವ ಎರಡು ಮೂರು ಕಡೆಯ ಅರ್ಹತೆಯ ಪುಟವನ್ನು ಇಂದೇ ತೆರೆದು ಓದಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಸಂಖ್ಯಾಶಾಸ್ತ್ರ ವಿಭಾಗದ್ದನ್ನು ಓದಿ. ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ ‘ಜಾಮ್’ ಪರೀಕ್ಷೆಯದ್ದನ್ನೂ ಓದಿ. ಅದರಲ್ಲಿ ಗಣಿತಕ್ಕೂ ಗಣಿತೀಯ ಸಂಖ್ಯಾಶಾಸ್ತ್ರಕ್ಕೂ ಬೇರೆ ಬೇರೆ ಪತ್ರಿಕೆಗಳಿವೆ. ಎರಡರ ಪಠ್ಯಕ್ರಮವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಮನಸ್ಸು ಯಾವ ಕಡೆ ವಾಲುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಿಸಿಎಂ ಶಿಕ್ಷಕರೆಂದೇ ಹುದ್ದೆಗಳಿವೆ. ಹಿಂದಿನ ನೇಮಕಾತಿ ಅಧಿಸೂಚನೆಯೊಂದನ್ನು ಹುಡುಕಿ, ಯಾವ ಐಚ್ಛಿಕ ವಿಷಯಗಳನ್ನು ಓದಿರಬೇಕೆಂದು ಅಪ್ಪನ ಜೊತೆ ಕುಳಿತೇ ನೋಡಿ. ಎಂಟನೆಯ ತರಗತಿಯ ಮಕ್ಕಳ ಎದುರು ಸೀಮೆಸುಣ್ಣ ಹಿಡಿದು ನಿಲ್ಲುವ ಆಸೆ ನಿಮ್ಮದೇ ಆಗಿದ್ದರೆ ಪಿಸಿಎಂ ತೆಗೆದುಕೊಳ್ಳಿ. ಆ ಆಸೆ ಅಪ್ಪನದು ಮಾತ್ರವಾಗಿದ್ದರೆ ಸಂಖ್ಯಾಶಾಸ್ತ್ರದ ಕಾಂಬಿನೇಷನ್ ನಿಮ್ಮ ಗಣಿತಕ್ಕೆ ಹೆಚ್ಚು ಹತ್ತಿರ. ಸ್ಕೋರಿಂಗ್ ಎಂಬ ಮಾತನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಮನಸ್ಸಿಲ್ಲದ ವಿಷಯದಲ್ಲಿ ಅಂಕ ಬರುವುದು ಮೊದಲ ಸೆಮಿಸ್ಟರಿನವರೆಗೆ ಮಾತ್ರ ಎಂಬುದನ್ನು ಎಷ್ಟೋ ಅಂಕಪಟ್ಟಿಗಳಲ್ಲಿ ನೋಡಿದ್ದೇನೆ.

ಹಿರಿಯ ವಿದ್ಯಾರ್ಥಿಗಳ ಸಲಹೆಯನ್ನು ಅವರು ಸೇರಿದ ವರ್ಷ ಕೇಳಿಕೊಂಡೇ ಸ್ವೀಕರಿಸಿ. 2021ರಿಂದ 2023ರವರೆಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಎರಡು ಮುಖ್ಯ ವಿಷಯ ಓದಿದರು. 2024–25ರಿಂದ ಮೂರು ವರ್ಷದ, ಮೂರು ವಿಷಯದ ಪದವಿ ಮರಳಿದೆ. ಅವರ ಅನುಭವ ನಿಜವೇ, ಆದರೆ ಅವರ ವೇಳಾಪಟ್ಟಿ ನಿಮ್ಮದಲ್ಲ.

ಇನ್ನು ಬಸ್ಸಿನ ವಿಷಯ. ಇದನ್ನು ಸಣ್ಣದೆಂದು ಭಾವಿಸಬೇಡಿ. ಪ್ರತಿ ವಿಷಯದ ತೂಕವನ್ನು ಹೇಳುವ ಕ್ರೆಡಿಟ್ ಸಂಖ್ಯೆಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ: ಪಾಠದ ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆಯಾದರೆ, ಪ್ರಾಯೋಗಿಕದ ಒಂದು ಕ್ರೆಡಿಟ್‌ಗೆ ಎರಡು ಗಂಟೆ. ಕಂಪ್ಯೂಟರ್ ಲ್ಯಾಬಿನಲ್ಲಿ ಅರ್ಧ ಮಾಡಿದ ಕೆಲಸವನ್ನು ಉಳಿಸಿಟ್ಟು ಎದ್ದು ಬರಬಹುದು. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬ್ಯೂರೆಟ್ಟಿನಿಂದ ದ್ರಾವಣ ಇಳಿಯುತ್ತಿರುವಾಗ ಐದು ಗಂಟೆಯ ಬಸ್ಸಿಗೆ ಓಡಲು ಆಗುವುದಿಲ್ಲ. ಎರಡೂ ಕಾಂಬಿನೇಷನ್‌ಗಳ ಪ್ರಾಯೋಗಿಕ ಬ್ಯಾಚುಗಳ ಸಮಯವನ್ನು ಕಚೇರಿಯಲ್ಲಿ ಕೇಳಿ, ಬಸ್ಸಿನ ವೇಳೆಯ ಪಕ್ಕದಲ್ಲಿ ಬರೆದುಕೊಳ್ಳಿ. ಹೊಂದದಿದ್ದರೆ ಬೆಳಗಿನ ಬ್ಯಾಚ್ ಕೊಡಿ ಎಂದು ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಡಿ. ನಮ್ಮಲ್ಲಿ ಹಾಗೆ ಕೇಳಿದವರಿಗೆಲ್ಲ ಬದಲಿಸಿ ಕೊಟ್ಟಿದ್ದೇವೆ. ಕೇಳದೆ ಸುಮ್ಮನಿದ್ದು ಹಾಜರಾತಿ ಕಳೆದುಕೊಂಡವರಲ್ಲಿ ಹೆಚ್ಚಿನವರು ಹಳ್ಳಿಯ ಹೆಣ್ಣುಮಕ್ಕಳೇ. ಅದು ನನಗೆ ಈಗಲೂ ನೋವಿನ ಸಂಗತಿ.

ಪ್ರಶ್ನೆ: ಬಿ.ಎ. ಮೊದಲ ಸೆಮಿಸ್ಟರಿನಲ್ಲಿರುವ ಮಗ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ಜಾಲತಾಣದಲ್ಲಿ ನಾಲ್ಕು ಕೋರ್ಸುಗಳಿಗೆ ಹೆಸರು ನೋಂದಾಯಿಸಿದ್ದಾನೆ. ಪದವಿಗೆ ಕ್ರೆಡಿಟ್ ಸಿಗುತ್ತದೆಯೇ?
— ತಾಯಿ, ಗದಗ

ಉತ್ತರ: ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಪಡೆಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. ಆದರೆ ಆ ನಿರ್ದಿಷ್ಟ ಕೋರ್ಸನ್ನು ಅವನ ವಿಶ್ವವಿದ್ಯಾಲಯ ಒಪ್ಪಿರಬೇಕು. ಕೇಳಿ ಕಲಿಯುವುದು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕವಿದೆ. ಶುಲ್ಕ ಕಟ್ಟುವ ಮೊದಲೇ ಕಾಲೇಜಿನಿಂದ ಲಿಖಿತ ಒಪ್ಪಿಗೆ ಪಡೆಯಲಿ. ನಾಲ್ಕು ಬೇಡ, ಈ ಸಲ ಒಂದೇ ಇರಲಿ.