ಆ ಅಜ್ಜಿಯ ಬಾಗಿಲು ತಟ್ಟಿದವರು ಯಾರು?

ಆತ್ಮೀಯರೇ,

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಅಮೆರಿಕದ ಹಳೆಯ ಟಿವಿ ಭಯಾನಕ ಸರಣಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಬೇಸರ ತಂದಿದೆ. ಮಾಟ ಮಾಡಿದಳು ಅಂತ ಒಂಟಿ ಹೆಂಗಸರನ್ನು ಹೊಡೆಯುವ ಸುದ್ದಿ ಇವತ್ತಿಗೂ ಬರುತ್ತದೆ, ವಾಮಾಚಾರ ತಡೆಯಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು, ಅಂಥದ್ದರಲ್ಲಿ ಮುದುಕಿಯರನ್ನು ಮಾಟಗಾತಿಯರಾಗಿ ತೋರಿಸುವ ಕಥೆಗಳನ್ನು ಹೊಗಳುವುದು ಸರಿಯಾ ಅಂತ ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ ಇದು.

ನಾನು ಒಂದು ಕಂತಿನಿಂದಲೇ ಶುರು ಮಾಡುತ್ತೇನೆ. 'ದಿ ಟ್ವಿಲೈಟ್ ಝೋನ್' ಸರಣಿಯ 'ಜೆಸ್-ಬೆಲ್'. ಪ್ರಸಾರವಾಗಿದ್ದು 1963ರ ಫೆಬ್ರವರಿ 14ರಂದು, ಪ್ರೇಮಿಗಳ ದಿನ. ಬರೆದವರು ಅರ್ಲ್ ಹ್ಯಾಮ್ನರ್. ವರ್ಜೀನಿಯಾದ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಅಲ್ಲಿನ ಮಾತು, ಅಲ್ಲಿನ ನಂಬಿಕೆ ಎರಡೂ ಅವರಿಗೆ ಗೊತ್ತಿತ್ತು.

ಜೆಸ್-ಬೆಲ್ ಬಡವರ ಮನೆ ಹುಡುಗಿ. ಅವಳು ಪ್ರೀತಿಸಿದವನಿಗೆ ಬೇರೊಬ್ಬಳ ಜೊತೆ ಮದುವೆ ಗೊತ್ತಾಗುತ್ತದೆ. ಹೊಟ್ಟೆಕಿಚ್ಚು ತಡೆಯಲಾಗದೆ ಅವಳು ಗ್ರ್ಯಾನಿ ಹಾರ್ಟ್ ಎಂಬ ಅಜ್ಜಿಯ ಹತ್ತಿರ ಹೋಗಿ ವಶೀಕರಣದ ಮದ್ದು ಕೇಳುತ್ತಾಳೆ. ಮದ್ದು ಕೆಲಸ ಮಾಡುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅವಳು ಚಿರತೆಯಾಗಿ ಅಲೆಯಬೇಕು. ಬಯಸಿದ ಗಂಡು ಕೈಗೆ ಸಿಕ್ಕಿದ್ದಾನೆ, ಆದರೆ ಕತ್ತಲಾದ ಮೇಲೆ ಅವನ ಜೊತೆ ಇರುವ ಹಾಗಿಲ್ಲ. ಹೆದರಿ ಮತ್ತೆ ಅಜ್ಜಿಯ ಹತ್ತಿರ ಓಡುತ್ತಾಳೆ. ಅಲ್ಲಿ ಸಿಗುವ ಉತ್ತರ, ಈಗ ನೀನೇ ಮಾಟಗಾತಿ ಅಂತ.

ಗಮನಿಸಿ, ಈ ಅಜ್ಜಿ ಯಾರ ಮನೆಗೂ ಹೋಗುವುದಿಲ್ಲ. ಯಾರ ಮಗುವನ್ನೂ ಮುಟ್ಟುವುದಿಲ್ಲ. ಅವಳ ಬಾಗಿಲಿಗೆ ಬಂದು ನಿಲ್ಲುವುದು ನಮ್ಮಂಥವರ ಆಸೆ. ಭಯ ಹುಟ್ಟುವುದು ಅಲ್ಲಿಂದ. ಈ ಕಂತನ್ನು ನಾನು ಪ್ರೀತಿಸುವುದು ಅದಕ್ಕೇ.

ಇನ್ನು 'ಯಾವಾಗಲೂ ಹೆಂಗಸೇ ಯಾಕೆ' ಎಂಬ ನಿಮ್ಮ ಮಾತು. ಅದೇ ಸರಣಿಯ 1961ರ 'ಸ್ಟಿಲ್ ವ್ಯಾಲಿ'ಯಲ್ಲಿ ಮಾಟದ ಪುಸ್ತಕ ಇರುವುದು ಒಬ್ಬ ಮುದುಕನ ಕೈಯಲ್ಲಿ. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲ. ಆ ಪುಸ್ತಕದಿಂದ ಶತ್ರು ಸೈನ್ಯವನ್ನು ಇದ್ದಲ್ಲೇ ಕಲ್ಲಿನ ಹಾಗೆ ನಿಲ್ಲಿಸಬಹುದು. ಆದರೆ ಗೆಲ್ಲಬೇಕಾದರೆ ಸೈತಾನನ ಪಕ್ಷ ಸೇರಬೇಕು. ಅದು ಕೈಗೆ ಸಿಕ್ಕಿದ ದಕ್ಷಿಣದ ಸೈನಿಕನೊಬ್ಬ ಪುಸ್ತಕವನ್ನೇ ಸುಟ್ಟುಹಾಕುತ್ತಾನೆ. ಆದರೂ ಒಪ್ಪುತ್ತೇನೆ, ಇಂಥ ಕಂತುಗಳು ಕಡಿಮೆ.

ನೀವು ಹೇಳಿದ್ದು ಪೂರ್ತಿ ನಿಜವಾಗುವುದು ಬೋರಿಸ್ ಕಾರ್ಲಾಫ್ ನಡೆಸಿಕೊಡುತ್ತಿದ್ದ 'ಥ್ರಿಲ್ಲರ್' ಸರಣಿಯ 'ಲಾ ಸ್ಟ್ರೇಗಾ' ಕಂತಿನಲ್ಲಿ. ಸ್ಟ್ರೇಗಾ ಅಂದರೆ ಇಟಲಿಯ ಭಾಷೆಯಲ್ಲಿ ಮಾಟಗಾತಿ. 1962ರ ಜನವರಿಯಲ್ಲಿ ಬಂತು. ನಿರ್ದೇಶಕಿ ಐಡಾ ಲುಪಿನೊ. ಮಾಟಗಾತಿ ಅಂತ ಹೇಳಿ ಊರವರು ಒಬ್ಬ ಹುಡುಗಿಯನ್ನು ನೀರಿನಲ್ಲಿ ಮುಳುಗಿಸಲು ಹೊರಡುತ್ತಾರೆ. ಚಿತ್ರಕಾರನೊಬ್ಬ ಅವಳನ್ನು ಉಳಿಸುತ್ತಾನೆ. ಆ ಗುಂಪಿನ ಮೇಲೆ ನಮಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಆದರೆ ಆಮೇಲೆ ಕಥೆ ಏನು ಮಾಡುತ್ತದೆ? ಹುಡುಗಿಯ ಅಜ್ಜಿಯನ್ನು ನಿಜವಾದ ಮಾಟಗಾತಿಯಾಗಿ ತರುತ್ತದೆ. ಅಂದರೆ ಗುಂಪಿನ ಅನುಮಾನ ಅರ್ಧ ಸರಿಯಾಗಿತ್ತು ಅಂತಾಯಿತು, ಅಲ್ವಾ? ಅಮೆರಿಕದ ಸೇಲಂನಲ್ಲಿ 1692ರಲ್ಲಿ ಇಂಥದೇ ಅನುಮಾನದಿಂದ 19 ಜನರನ್ನು ಗಲ್ಲಿಗೇರಿಸಿದ್ದರು. ಆ ಇತಿಹಾಸ ಇರುವ ದೇಶದಲ್ಲಿ ಹೀಗೆ ಬರೆದದ್ದು ದೊಡ್ಡ ತಪ್ಪು ಅಂತಲೇ ನನಗೆ ಅನ್ನಿಸುತ್ತದೆ. ಎಷ್ಟು ಚೆನ್ನಾಗಿ ಚಿತ್ರಿಸಿದ್ದರೂ ಆ ತಪ್ಪು ಮುಚ್ಚಿಹೋಗುವುದಿಲ್ಲ.

ಒಂದು ವಿಷಯ ನಮ್ಮ ಲೇಖನದಲ್ಲಿ ಬಿಟ್ಟುಹೋಗಿತ್ತು. ಗ್ರ್ಯಾನಿ ಹಾರ್ಟ್ ಮತ್ತು 'ಲಾ ಸ್ಟ್ರೇಗಾ'ದ ಅಜ್ಜಿ, ಇಬ್ಬರೂ ಒಬ್ಬರೇ ನಟಿ. ಹೆಸರು ಜೆನೆಟ್ ನೋಲನ್. 1971ರಲ್ಲಿ 'ನೈಟ್ ಗ್ಯಾಲರಿ' ಸರಣಿಯಲ್ಲಿ ಸಂಬಂಧಿ ಹುಡುಗಿಯೊಬ್ಬಳ ಮನೆಗೆ ಬಂದು ನೆಲೆಯೂರುವ ಏಡಾ ಅತ್ತೆಯೂ ಅವರೇ, ಅವಳೂ ಮಾಟಗಾತಿಯೇ. 1948ರಲ್ಲಿ ಆರ್ಸನ್ ವೆಲ್ಸ್ ತೆರೆಗೆ ತಂದ ಶೇಕ್ಸ್‌ಪಿಯರ್ ನಾಟಕ ಮ್ಯಾಕ್‌ಬೆತ್‌ನಲ್ಲಿ ಲೇಡಿ ಮ್ಯಾಕ್‌ಬೆತ್ ಆಗಿದ್ದವರು ಇವರು. ಗ್ರ್ಯಾನಿ ಹಾರ್ಟ್ ಆದಾಗ ಅವರಿಗೆ ಸುಮಾರು ಐವತ್ತು ವರ್ಷ. ಅಂಥ ನಟಿಗೆ ಟಿವಿ ಮತ್ತೆ ಮತ್ತೆ ಕೊಟ್ಟಿದ್ದು ಮುದಿ ಮಾಟಗಾತಿಯ ಪಾತ್ರ. ನಿಮ್ಮ ಪತ್ರ ಓದಿದ ಮೇಲೆ ಇದು ನನ್ನನ್ನು ಜಾಸ್ತಿ ಕಾಡುತ್ತಿದೆ.

ಆ ಲೇಖನಕ್ಕೆ 'ಮಾಟಗಾತಿ ಮುದುಕಿಯರು' ಅಂತ ತಲೆಬರಹ ಕೊಟ್ಟಿದ್ದು ನಾನೇ. ಸುಮ್ನೆ ಕಣ್ಣು ಸೆಳೆಯಲಿ ಅಂತ ಕೊಟ್ಟೆ. ಕೊಡಬಾರದಿತ್ತು. ನಿಮ್ಮ ಪತ್ರವನ್ನು ಒಂದಕ್ಷರವೂ ಬಿಡದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.